ಸೈಕಲ್ ತುಳಿದು ಕೆಲಸಕ್ಕೆ, ಸಂಜೆ ಬಾರ್ಬೆಲ್: ಕಾಲು ಯಾವುದಕ್ಕೆ ಉಳಿದೀತು?

ಪ್ರಶ್ನೆ

ನಮಸ್ಕಾರ ಮೇಡಂ. ನನಗೆ 34 ವರ್ಷ, ತೂಕ 75 ಕಿಲೋ. ಮನೆಯಿಂದ ಕಚೇರಿಗೆ 20 ಕಿಲೋಮೀಟರ್. ಮೂರು ತಿಂಗಳ ಹಿಂದೆ ಬಸ್ಸು ಬಿಟ್ಟು ಸೈಕಲ್ ಹಿಡಿದೆ. ವಾರಕ್ಕೆ ಐದು ದಿನ, ದಿನಕ್ಕೆ 40 ಕಿಲೋಮೀಟರ್. ಭಾರ ಎತ್ತುವುದು ಎರಡು ವರ್ಷದ ಹಳೆಯ ಅಭ್ಯಾಸ: ಸೋಮ, ಮಂಗಳ, ಗುರು, ಶುಕ್ರ. ಜಿಮ್ ಮನೆಯ ಹತ್ತಿರವೇ ಇರುವುದರಿಂದ ಸಂಜೆ ಸೈಕಲ್ಲಿನಿಂದ ಇಳಿದವನು ನೇರ ಒಳಗೆ ಹೋಗುತ್ತೇನೆ.

ತೊಂದರೆ ಏನೆಂದರೆ, ಬಾರ್ಬೆಲ್ ಎಂಬ ಭಾರದ ಸರಳನ್ನು ಹೆಗಲ ಮೇಲಿಟ್ಟು ಕುಳಿತೇಳುವ ಸ್ಕ್ವಾಟ್‌ನಲ್ಲಿ 120 ಕಿಲೋ ಹೊತ್ತು ಐದು ಸಲ ಏಳುತ್ತಿದ್ದವನು ಈಗ 110ಕ್ಕೇ ಮೂರನೆಯ ಸಲ ಏಳುವಾಗ ನಡುಗುತ್ತೇನೆ. ಮೂರು ತಿಂಗಳಲ್ಲಿ ತೂಕವೂ ಮೂರು ಕಿಲೋ ಇಳಿದಿದೆ. ಜಿಮ್‌ನ ಗೆಳೆಯರು ಸೈಕಲ್ ಬಿಡು, ಮಾಂಸಖಂಡ ಕರಗುತ್ತದೆ ಎನ್ನುತ್ತಾರೆ. ಸೈಕಲ್ ಗೆಳೆಯರು ಆ ಕಬ್ಬಿಣ ಹೊತ್ತು ಯಾವ ಗುಡ್ಡ ಏರುತ್ತೀಯ ಎಂದು ನಗುತ್ತಾರೆ. ನನಗೆ ಎರಡೂ ಬೇಕು. ಆಗುವ ಮಾತೇ?

ಉತ್ತರ (ಫಿಸಿಯೋಥೆರಪಿಸ್ಟ್, ಶಕ್ತಿ ತರಬೇತುದಾರರು)

ಆಗುವ ಮಾತೇ. ಆದರೆ ಮೊದಲು ಮೂರು ವಿಷಯ ತಿಳಿಸಿ. ಆ 20 ಕಿಲೋಮೀಟರಿಗೆ ಎಷ್ಟು ನಿಮಿಷ ತೆಗೆದುಕೊಳ್ಳುತ್ತೀರಿ? ಕಚೇರಿ ಬಿಟ್ಟ ಮೇಲೆ ಜಿಮ್ ಮುಗಿಯುವವರೆಗೆ ಏನು ತಿನ್ನುತ್ತೀರಿ? ಸ್ಕ್ವಾಟ್‌ನ ಕೊನೆಯ ಸೆಟ್‌ನಲ್ಲಿ (ಬಿಡುವಿಲ್ಲದೆ ಎತ್ತುವ ಒಂದು ಸರದಿಯೇ ಸೆಟ್) ಇನ್ನೂ ಎಷ್ಟು ಸಲ ಎತ್ತುವ ಶಕ್ತಿ ಮಿಗಿಸಿ ಬಾರ್ ಇಡುತ್ತೀರಿ?

ಪ್ರಶ್ನೆ ಕೇಳಿದವರು

ಸಾಮಾನ್ಯವಾಗಿ 48 ನಿಮಿಷ, ನನ್ನ ದಾಖಲೆ 46. ನಿಜ ಹೇಳಬೇಕೆಂದರೆ, ಯಾರಾದರೂ ನನ್ನನ್ನು ಹಿಂದೆ ಹಾಕಿ ಹೋದರೆ ಸುಮ್ಮನಿರಲು ಆಗುವುದಿಲ್ಲ. ಕಚೇರಿ ಬಿಟ್ಟ ಮೇಲೆ ನೀರು ಮಾತ್ರ. ಹೊಟ್ಟೆ ತುಂಬಿದ್ದರೆ ಸ್ಕ್ವಾಟ್ ಮಾಡಲಾಗುವುದಿಲ್ಲ. ಮೂರನೆಯ ಪ್ರಶ್ನೆಗೆ ಉತ್ತರ ಸೊನ್ನೆ. ಕೊನೆಯ ಸೆಟ್‌ನಲ್ಲಿ ಸಾಮಾನ್ಯವಾಗಿ ಯಾರಾದರೂ ಬಾರ್ ಹಿಡಿಯಬೇಕಾಗುತ್ತದೆ.

ಉತ್ತರ

ಅರ್ಧ ಉತ್ತರವನ್ನು ನೀವೇ ಕೊಟ್ಟಿದ್ದೀರಿ. ನಿಮ್ಮ ಲೆಕ್ಕದಲ್ಲಿ ವ್ಯಾಯಾಮ ವಾರಕ್ಕೆ ನಾಲ್ಕು ಸಲ. ನಿಮ್ಮ ಕಾಲುಗಳ ಲೆಕ್ಕದಲ್ಲಿ ಅದು ಹದಿನಾಲ್ಕು ಸಲ. ಕಚೇರಿಗೆ ಹೋಗಿಬರುವ ಹತ್ತು ಸವಾರಿಗಳನ್ನು ನೀವು ಪ್ರಯಾಣದ ಖಾತೆಗೆ ಬರೆದುಕೊಂಡಿದ್ದೀರಿ. ತೊಡೆಗೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ಶಕ್ತಿ ಮತ್ತು ಸಹಿಷ್ಣುತೆಯ, ಅಂದರೆ ದಣಿಯದೆ ಬಹಳ ಹೊತ್ತು ದುಡಿಯುವ ತಾಕತ್ತಿನ, ಈ ಎಳೆದಾಟ ಹೊಸದಲ್ಲ. ರಾಬರ್ಟ್ ಹಿಕ್ಸನ್ ಎಂಬ ಅಮೆರಿಕದ ಸಂಶೋಧಕರು 1980ರಲ್ಲಿ ಪ್ರಕಟಿಸಿದ ಅಧ್ಯಯನ ಇವತ್ತಿಗೂ ಚರ್ಚೆಯಲ್ಲಿದೆ. ಒಂದು ಗುಂಪು ವಾರಕ್ಕೆ ಐದು ದಿನ ಕಾಲಿನ ಭಾರದ ವ್ಯಾಯಾಮ ಮಾಡಿತು, ಇನ್ನೊಂದು ವಾರಕ್ಕೆ ಆರು ದಿನ ಸೈಕಲ್ ಮತ್ತು ಓಟ, ಮೂರನೆಯದು ಎರಡನ್ನೂ. ಮೂರನೆಯ ಗುಂಪಿನ ಬಲ ಆರೇಳು ವಾರ ಚೆನ್ನಾಗಿಯೇ ಏರಿತು, ಆಮೇಲೆ ನಿಂತಿತು, ಒಂಬತ್ತು ಹತ್ತನೆಯ ವಾರದಲ್ಲಿ ಇಳಿಯಿತು. ಸಹಿಷ್ಣುತೆಗೆ ಮಾತ್ರ ಏನೂ ಧಕ್ಕೆಯಾಗಲಿಲ್ಲ. ನಿಮ್ಮ ಜಿಮ್ ಗೆಳೆಯರ ಮಾತಿಗೆ ಮೂಲ ಇದು.

ಆದರೆ ಆ ಸವಾರಿ ಎಂಥದ್ದು ಎಂಬುದನ್ನು ಯಾರೂ ಹೇಳುವುದಿಲ್ಲ. ಉಸಿರು ಕಟ್ಟುವಷ್ಟು ಬಿರುಸಿನ ಸುತ್ತುಗಳು ಮೂರು ದಿನ, ಆದಷ್ಟು ವೇಗವಾಗಿ ಓಡುವುದು ಮೂರು ದಿನ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗಲು ಎರಡೂ ಪ್ರಾಣಿಗಳು ಪೂರ್ಣ ಬಲದಿಂದ ಎಳೆಯಬೇಕು. ಒಂದು ಸುಮ್ಮನೆ ನಡೆಯುತ್ತಿದ್ದರೆ ನೊಗ ಮುರಿಯುವುದಿಲ್ಲ. ಮುಂದಿನ ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಅಡ್ಡಿ ಹೆಚ್ಚಾಗಿ ಕಂಡದ್ದು ಓಟದಿಂದ, ಸೈಕಲ್‌ನಿಂದ ಕಡಿಮೆ. ಓಟದಲ್ಲಿ ಪ್ರತಿ ಹೆಜ್ಜೆಗೂ ಮೈಭಾರ ನೆಲಕ್ಕೆ ಅಪ್ಪಳಿಸುತ್ತದೆ, ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾಗುತ್ತದೆ. ಪೆಡಲ್ ತುಳಿಯುವಾಗ ಆ ಪೆಟ್ಟಿಲ್ಲ. ಇಬ್ಬರಲ್ಲಿ ಯಾರ ಜೊತೆ ಸಂಸಾರ ಮಾಡುವುದು ಸುಲಭ ಎಂದರೆ ಸೈಕಲ್ಲೇ.

ನಿಮ್ಮ ಸೈಕಲ್ ಗೆಳೆಯರ ನಗುವಿಗೂ ಉತ್ತರವಿದೆ. ನಾರ್ವೆಯ ಸಂಶೋಧಕರು ಪಳಗಿದ ಸೈಕಲ್ ಸವಾರರಿಗೆ ಭಾರದ ಸ್ಕ್ವಾಟ್‌ನಂಥ ವ್ಯಾಯಾಮ ಸೇರಿಸಿ ನೋಡಿದರು. 185 ನಿಮಿಷ ತುಳಿದ ಮೇಲೆ ಕೊನೆಯ ಐದು ನಿಮಿಷದ ಪೂರ್ಣ ಶಕ್ತಿಯ ಪರೀಕ್ಷೆಯಲ್ಲಿ ಅವರ ಸಾಧನೆ ಉತ್ತಮಗೊಂಡಿತ್ತು. ಕಬ್ಬಿಣ ಹೊತ್ತದ್ದು ವ್ಯರ್ಥವಲ್ಲ ಎಂದು ತಿಳಿಸಿ. ಕೇಳುತ್ತಾರೆ ಎಂಬ ಭರವಸೆ ನನಗಿಲ್ಲ.

ಇನ್ನು ಮಾಡಬೇಕಾದ್ದು. ಎಲ್ಲಕ್ಕಿಂತ ಮೊದಲು ನಿಧಾನ. 20 ಕಿಲೋಮೀಟರಿಗೆ 48 ನಿಮಿಷ ಎಂದರೆ ಗಂಟೆಗೆ 25 ಕಿಲೋಮೀಟರ್. ಅದನ್ನು 22ಕ್ಕೆ ಇಳಿಸಿದರೆ ಹಿಡಿಯುವುದು ಸುಮಾರು 54 ನಿಮಿಷ. ಕಳೆದುಕೊಂಡದ್ದು ಆರು ನಿಮಿಷ. ಗಳಿಸಿದ್ದನ್ನು ನೋಡಿ: ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 25ರಿಂದ 22ಕ್ಕೆ ಬಂದಾಗ ಆ ಪಾಲು ಹತ್ತಿರ ಹತ್ತಿರ ಮೂರನೆಯ ಒಂದರಷ್ಟು ಕಡಿಮೆಯಾಗುತ್ತದೆ. ಆರು ನಿಮಿಷ ಕೊಟ್ಟು ಇಷ್ಟು ಕೊಳ್ಳುವ ವ್ಯಾಪಾರ ಬೇರೆಲ್ಲೂ ಸಿಗುವುದಿಲ್ಲ. ಅಳತೆಗೆ ಗಡಿಯಾರ ಬೇಡ, ತುಳಿಯುತ್ತಾ ಒಂದು ಪೂರ್ತಿ ವಾಕ್ಯ ಹೇಳಿ ನೋಡಿ. ವಾಕ್ಯದ ನಡುವೆ ಉಸಿರು ಸಿಕ್ಕಿಕೊಂಡರೆ ಗೇರ್ ಇಳಿಸಿ. ಹಿಂದೆ ಹಾಕಿದವರು ಹೋಗಲಿ, ಅವರಿಗೆ ಸಂಜೆ ಸ್ಕ್ವಾಟ್ ಇಲ್ಲದಿರಬಹುದು.

ಎರಡನೆಯದು, ಯಾವಾಗ ಎತ್ತುವುದು. ಸವಾರಿ ಮುಗಿಸಿ ಇಳಿದ ಕ್ಷಣವೇ ಸ್ಕ್ವಾಟ್ ಮಾಡುವುದು ಇರುವ ಹೊತ್ತುಗಳಲ್ಲೆಲ್ಲ ಕೆಟ್ಟದ್ದು. ಎರಡರ ನಡುವೆ ಕನಿಷ್ಠ ಆರು ಗಂಟೆ ಬೇಕು, ಒಂದು ದಿನವಿದ್ದರೆ ಇನ್ನೂ ಒಳ್ಳೆಯದು. ಹಾಗಾಗಿ ಕಾಲಿನ ಮುಖ್ಯ ದಿನವನ್ನು ಶನಿವಾರ ಬೆಳಿಗ್ಗೆಗೆ ತನ್ನಿ. ಶುಕ್ರವಾರದ ಸವಾರಿಯ ನಂತರ ಒಂದು ರಾತ್ರಿಯ ನಿದ್ದೆ ಸಿಗುತ್ತದೆ, ಭಾನುವಾರ ಪೂರ್ತಿ ಬಿಡುವು. ಎರಡನೆಯ ಕಾಲಿನ ದಿನ ಬುಧವಾರ. ಅದಕ್ಕೊಂದು ಉಪಾಯವಿದೆ: ಬುಧವಾರ ಬೆಳಿಗ್ಗೆ ಸೈಕಲ್ಲಿನಲ್ಲಿ ಹೋಗಿ, ಅದನ್ನು ಕಚೇರಿಯಲ್ಲೇ ಬೀಗ ಹಾಕಿ ಬಿಟ್ಟು ಬಸ್ಸಿನಲ್ಲಿ ಬನ್ನಿ. ಗುರುವಾರ ಬೆಳಿಗ್ಗೆಯೂ ಬಸ್ಸು. ಸಂಜೆ ಸೈಕಲ್ ಮನೆಗೆ ಬರಲಿ. ಸ್ಕ್ವಾಟ್‌ಗೆ ಮೊದಲು ಒಂದು ಹಗಲು, ಆಮೇಲೆ ಒಂದು ಇಡೀ ದಿನ ಕಾಲಿಗೆ ಸಿಗುತ್ತದೆ. ಇಷ್ಟಾದರೂ ವಾರಕ್ಕೆ 160 ಕಿಲೋಮೀಟರ್ ಉಳಿಯಿತು. ಎದೆ, ಬೆನ್ನು, ಭುಜಗಳಿಗೆ ಸೋಮವಾರ ಸಂಜೆ ಮುಕ್ಕಾಲು ಗಂಟೆ ಸಾಕು. ನಾಲ್ಕನೆಯ ದಿನವನ್ನು ಮರೆತುಬಿಡಿ.

ಎಷ್ಟು ಎತ್ತುವುದು? ಭಾರವನ್ನು ಕಡಿಮೆ ಮಾಡಬೇಡಿ, ಸೆಟ್‌ಗಳನ್ನು ಕಡಿಮೆ ಮಾಡಿ. ಸ್ಕ್ವಾಟ್ ಮೂರು ಸೆಟ್, ತಲಾ ಮೂರರಿಂದ ಐದು ಸಲ, ಪ್ರತಿ ಸೆಟ್‌ನಲ್ಲೂ ಇನ್ನೊಂದೆರಡು ಸಲದ ಶಕ್ತಿ ಮಿಗಿಸಿ ನಿಲ್ಲಿಸಿ. ನೆಲದಿಂದ ಬಾರ್ ಎತ್ತಿ ನಿಲ್ಲುವ ಡೆಡ್‌ಲಿಫ್ಟ್ ಶನಿವಾರ ಮಾತ್ರ, ಎರಡು ಸೆಟ್. ಹನ್ನೆರಡು, ಹದಿನೈದು ಸಲ ಎತ್ತಿ ತೊಡೆ ಉರಿಸುವ ಸೆಟ್‌ಗಳು ನಿಮಗೆ ಬೇಕಿಲ್ಲ. ಆ ಉರಿ ಸೈಕಲ್ ಮೇಲೆ ದಿನವೂ ಬೇಕಾದಷ್ಟು ಸಿಗುತ್ತಿದೆ. ಯಾರಾದರೂ ಬಾರ್ ಹಿಡಿಯಬೇಕಾದ ಸೆಟ್ ಬಲ ತರುವುದಕ್ಕಿಂತ ಹೆಚ್ಚಾಗಿ ಎರಡು ದಿನದ ಆಯಾಸ ತರುತ್ತದೆ.

ಮೂರನೆಯದು, ಊಟ. ನನಗೆ ಹೆಚ್ಚು ಚಿಂತೆ ತಂದದ್ದು ಇದೇ. ನೀವು ತುಳಿಯುವ ದೂರಕ್ಕೆ ದಿನಕ್ಕೆ ಸುಮಾರು ಸಾವಿರ ಕಿಲೋಕ್ಯಾಲರಿ ಖರ್ಚಾಗುತ್ತದೆ. ಮೂರು ತಿಂಗಳಲ್ಲಿ ಮೂರು ಕಿಲೋ ಇಳಿದಿದೆ ಎಂದರೆ ದಿನಕ್ಕೆ ಸರಾಸರಿ 250 ಕಿಲೋಕ್ಯಾಲರಿ ಕೊರತೆ ಬೀಳುತ್ತಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಸೋರಿಕೆ, ಆದರೆ ಸ್ಕ್ವಾಟ್‌ನಲ್ಲಿ ಕಾಣುತ್ತಿದೆ. ಸವಾರಿಯ ದಿನ ದೇಹತೂಕದ ಪ್ರತಿ ಕಿಲೋಗೆ ಸುಮಾರು ಆರು ಗ್ರಾಂ ಕಾರ್ಬೊಹೈಡ್ರೇಟ್, ಅಂದರೆ ನಿಮಗೆ 450 ಗ್ರಾಂ. ಪ್ರೋಟೀನ್ ಕಿಲೋಗೆ 1.6 ಗ್ರಾಂ, ಅಂದರೆ 120 ಗ್ರಾಂ. ಸ್ನಾಯುವಿನಲ್ಲಿ ಖಾಲಿಯಾದ ಗ್ಲೈಕೋಜೆನ್ (ಕಾರ್ಬೊಹೈಡ್ರೇಟಿನಿಂದ ಕೂಡಿಟ್ಟ ಇಂಧನ) ಪೂರ್ತಿ ತುಂಬಲು ಚೆನ್ನಾಗಿ ತಿಂದರೂ ಒಂದು ದಿನವೇ ಹಿಡಿಯಬಹುದು. ನೀವೋ ಬರೀ ನೀರು ಕುಡಿದು ಬಾರ್ ಕೆಳಗೆ ನಿಲ್ಲುತ್ತಿದ್ದೀರಿ. ಹೊಟ್ಟೆ ತುಂಬಿಸಿಕೊಳ್ಳಿ ಎನ್ನುತ್ತಿಲ್ಲ. ಜಿಮ್‌ಗೆ ಒಂದೂವರೆ ಗಂಟೆ ಮೊದಲು ಎರಡು ಬಾಳೆಹಣ್ಣು ಯಾವ ಸ್ಕ್ವಾಟನ್ನೂ ಕೆಡಿಸುವುದಿಲ್ಲ.

ಇನ್ನೊಬ್ಬ ಸದಸ್ಯರು

ಮೇಡಂ, ಸಹಿಷ್ಣುತೆಯ ವ್ಯಾಯಾಮ ಎಎಂಪಿಕೆ ಎಂಬ ಕಿಣ್ವವನ್ನು ಎಬ್ಬಿಸುತ್ತದೆ, ಅದು ಸ್ನಾಯು ಬೆಳೆಸುವ ಎಂಟಾರ್ ಅನ್ನು ಆರಿಸುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ಎಷ್ಟು ನಿಧಾನವಾಗಿ ತುಳಿದರೂ ನಷ್ಟವೇ ಅಲ್ಲವೇ?

ಉತ್ತರ

ಆ ಸ್ವಿಚ್ಚಿನ ಕಥೆ ಪ್ರಯೋಗಾಲಯದ ಜೀವಕೋಶ ಮತ್ತು ಪ್ರಾಣಿಗಳಲ್ಲಿ ಕಂಡಷ್ಟು ಅಚ್ಚುಕಟ್ಟಾಗಿ ಮನುಷ್ಯರಲ್ಲಿ ಕಂಡಿಲ್ಲ. ನನ್ನ ಬಳಿ ಬರುವವರಲ್ಲಿ ಬಲ ಕುಸಿಯಲು ಕಾರಣ ಬಹುಪಾಲು ಹಸಿವು, ನಿದ್ದೆಗೇಡು ಮತ್ತು ಹಿಂದಿನ ಸವಾರಿಯ ದಣಿವು. ಈ ಮೂರನ್ನೂ ಸರಿಪಡಿಸಿದ ಮೇಲೂ ಕುಸಿದರೆ ಕಿಣ್ವಗಳ ಮೇಲೆ ದೂರು ಹೇಳೋಣ.

ಮತ್ತೊಬ್ಬ ಸದಸ್ಯರು

ನಾನೂ ದಿನಕ್ಕೆ 30 ಕಿಲೋಮೀಟರ್ ತುಳಿಯುತ್ತೇನೆ. ಎರಡು ವಾರದಿಂದ ಮೊಣಚಿಪ್ಪಿನ ಮುಂಭಾಗದಲ್ಲಿ ನೋವು. ಏರು ಹತ್ತುವಾಗ ಮತ್ತು ಸ್ಕ್ವಾಟ್‌ನಲ್ಲಿ ಕೆಳಗೆ ಕುಳಿತಾಗ ಹೆಚ್ಚು. ಸ್ಕ್ವಾಟ್ ಬಿಡಲೇ?

ಉತ್ತರ

ಸ್ಕ್ವಾಟ್ ಮೇಲೆ ತಪ್ಪು ಹೊರಿಸುವ ಮೊದಲು ಸೀಟಿನ ಎತ್ತರ ನೋಡಿ. ಮೂವತ್ತು ಕಿಲೋಮೀಟರಿನಲ್ಲಿ ಮೊಣಕಾಲು ಸಾವಿರಾರು ಸಲ ಮಡಚುತ್ತದೆ, ಸ್ಕ್ವಾಟ್‌ನಲ್ಲಿ ಹದಿನೈದು ಸಲ. ಮುಂಭಾಗದ ನೋವಿಗೆ ತಗ್ಗಿದ ಸೀಟು, ಹಿಂಭಾಗದ ನೋವಿಗೆ ಎತ್ತರದ ಸೀಟು ಸಾಮಾನ್ಯ ಕಾರಣಗಳು. ಗೋಡೆಗೆ ಒರಗಿ ಸೀಟಿನ ಮೇಲೆ ಕುಳಿತು, ಪೆಡಲನ್ನು ಪೂರ್ತಿ ಕೆಳಗೆ ತಂದು, ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಬೇಕು, ಸೊಂಟ ಆ ಕಡೆಗೆ ಜಾರಬಾರದು. ಆಮೇಲೆ ಪಾದದ ಮುಂಭಾಗ ಇಟ್ಟಾಗ ಮೊಣಕಾಲು 25ರಿಂದ 35 ಡಿಗ್ರಿ ಬಾಗಿರುತ್ತದೆ. ಏರಿಸಬೇಕಾದರೆ ಒಮ್ಮೆಗೆ ಐದು ಮಿಲಿಮೀಟರ್ ಮೀರಬೇಡಿ, ಎರಡು ಮೂರು ದಿನ ತುಳಿದು ನೋಡಿ. ಭಾರೀ ಗೇರ್‌ನಲ್ಲಿ ಒತ್ತಿ ಒತ್ತಿ ತುಳಿಯುವ ಅಭ್ಯಾಸ ಬಿಡಿ. ಭಾರ ಎತ್ತುವವರಿಗೆ ಈ ಚಟ ಹೆಚ್ಚು, ಕಾಲಲ್ಲಿ ಬಲವಿದೆಯಲ್ಲ ಎಂದು. ನಿಮಿಷಕ್ಕೆ 80ರಿಂದ 90 ಸುತ್ತು ಬರುವಂತೆ ಹಗುರ ಗೇರ್ ಹಾಕಿ.

ಸ್ಕ್ವಾಟ್ ಅನ್ನು ನೋವಾಗದ ಆಳದವರೆಗೆ, ಹಗುರ ಭಾರದಲ್ಲಿ ಮುಂದುವರಿಸಬಹುದು. ಊತವಿದ್ದರೆ, ಮೊಣಕಾಲು ಸಿಕ್ಕಿಕೊಂಡರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟು ನೋವಿದ್ದರೆ ವೈದ್ಯರಿಗೆ ತೋರಿಸಿ.

ಒಬ್ಬ ಸದಸ್ಯೆ

ನನಗೆ 49. ಹತ್ತು ವರ್ಷದಿಂದ ಕೆಲಸಕ್ಕೆ ಸೈಕಲ್ಲಿನಲ್ಲೇ ಹೋಗುತ್ತೇನೆ, ಜಿಮ್ ಮೆಟ್ಟಿಲು ಹತ್ತಿಲ್ಲ. ಇತ್ತೀಚೆಗೆ ಮೂಳೆ ಸಾಂದ್ರತೆ ಕಡಿಮೆ ಇದೆ ಎಂದು ವರದಿ ಬಂತು. ಇಷ್ಟು ವ್ಯಾಯಾಮ ಮಾಡಿಯೂ ಹೀಗೇಕೆ?

ಉತ್ತರ

ಸೈಕಲ್ ಹೃದಯಕ್ಕೆ ಕೊಡುವುದನ್ನು ಮೂಳೆಗೆ ಕೊಡುವುದಿಲ್ಲ. ಮೈಭಾರವನ್ನು ಸೀಟು ಹೊತ್ತುಕೊಳ್ಳುತ್ತದೆ. ಮೂಳೆ ಗಟ್ಟಿಯಾಗಲು ಅದರ ಮೇಲೆ ಹೊರೆ ಬೀಳಬೇಕು. ವರ್ಷಗಟ್ಟಲೆ ಸೈಕಲ್ ಮಾತ್ರ ತುಳಿದ ಸ್ಪರ್ಧಿಗಳಲ್ಲೂ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಕಡಿಮೆ ಇರುವುದು ಕಂಡುಬಂದಿದೆ. ನಿಮ್ಮ ವಯಸ್ಸಿನಲ್ಲಿ ಈಸ್ಟ್ರೊಜೆನ್ ಇಳಿಯುವುದೂ ಸೇರಿಕೊಳ್ಳುತ್ತದೆ. ಸೈಕಲ್ ಬಿಡಬೇಡಿ. ವರದಿ ಕೊಟ್ಟ ವೈದ್ಯರ ಒಪ್ಪಿಗೆ ಪಡೆದು, ತಿಳಿದವರ ಕಣ್ಣೆದುರು ವಾರಕ್ಕೆ ಎರಡು ದಿನ ಭಾರ ಎತ್ತಲು ಆರಂಭಿಸಿ. ಖಾಲಿ ಬಾರ್‌ನಿಂದ ಶುರುವಾಗಲಿ, ತಿಂಗಳುಗಳಲ್ಲಿ ಏರಲಿ. ಈ ಚರ್ಚೆಯಲ್ಲಿ ಬಾರ್ಬೆಲ್ ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ನಿಮಗೆ.

ಪ್ರಶ್ನೆ ಕೇಳಿದವರು (ಏಳು ವಾರಗಳ ನಂತರ)

ಮೇಡಂ, ವರದಿ ಒಪ್ಪಿಸುತ್ತಿದ್ದೇನೆ. ಮೊದಲ ಎರಡು ವಾರ ನಿಧಾನ ತುಳಿಯುವುದೇ ಕಷ್ಟವಾಯಿತು, ಕಾಲಿಗಲ್ಲ, ಮಾನಕ್ಕೆ. ಬುಟ್ಟಿ ಕಟ್ಟಿದ ಸೈಕಲ್ಲಿನ ಅಜ್ಜ ಒಬ್ಬರು ದಿನವೂ ನನ್ನನ್ನು ದಾಟಿ ಹೋಗುತ್ತಾರೆ, ಈಗ ಕೈಬೀಸುತ್ತೇವೆ. ಹೋಗುವುದಕ್ಕೆ 55 ನಿಮಿಷ. ತೂಕ ಒಂದೂವರೆ ಕಿಲೋ ವಾಪಸು ಬಂದಿದೆ. ಕಳೆದ ಶನಿವಾರ 117.5 ಕಿಲೋ, ಐದು ಸಲ, ಮೂರು ಸೆಟ್, ಯಾರೂ ಬಾರ್ ಮುಟ್ಟಲಿಲ್ಲ. ಬರುವ ಶನಿವಾರ 122.5 ಹಾಕಲೇ?

ಉತ್ತರ

ಬೇಡ. ಹಿಕ್ಸನ್ ಅವರ ಮೂರನೆಯ ಗುಂಪಿನ ಏರಿಕೆ ನಿಂತದ್ದು ಹೆಚ್ಚುಕಡಿಮೆ ಇದೇ ವಾರಗಳಲ್ಲಿ, ಅವರಿಗೆ ನಡುವೆ ಬಿಡುವೇ ಇರಲಿಲ್ಲ. ಈ ಶನಿವಾರ 90 ಕಿಲೋ, ಎರಡು ಸೆಟ್, ಡೆಡ್‌ಲಿಫ್ಟ್ ಇಲ್ಲ. ಮುಂದಿನ ವಾರ ಎರಡು ದಿನ ಬಸ್ಸು. ಅದರ ಮುಂದಿನ ಶನಿವಾರ 120 ಹಾಕಿ, ಮೂರನೆಯ ಸಲ ಏಳುವಾಗ ಹೇಗಿತ್ತು ಎಂದು ಬರೆಯಿರಿ. ಬುಟ್ಟಿ ಸೈಕಲ್ಲಿನ ಅಜ್ಜನವರಿಗೆ ನನ್ನ ನಮಸ್ಕಾರ ತಿಳಿಸಿ.