ಅಪ್‌ಡೇಟ್: ನಿಕಾನ್ ಡಿ7000 ಕ್ಯಾಮೆರಾ ತಗೊಂಡೆ

ಬಾದಾಮಿ ಗುಹೆಗಳ ಶಿಲ್ಪ ತೆಗೀಲಿಕ್ಕೆ 2010ರ ನಿಕಾನ್ ಡಿ7000 ಈಗ ಸೆಕೆಂಡ್ ಹ್ಯಾಂಡ್ ತಗೋಬಹುದೇನು ಅಂತ ಕೇಳಿದ್ದೆ. ಬಾಗಲಕೋಟೆಯೊಳಗ ಒಂದು ಸಿಕ್ತು, ತಗೊಂಡೆ. ಉತ್ತರ ಕೊಟ್ಟ ಎಲ್ಲಾರಿಗೂ ಧನ್ಯವಾದ ರೀ.

ಶಟರ್ ಕೌಂಟ್, ಅಂದ್ರ ಇಲ್ಲಿತನಕ ಶಟರ್ ಎಷ್ಟು ಸಲ ಬಡಿದೈತಿ ಅನ್ನೋ ಲೆಕ್ಕ, 41 ಸಾವಿರ ಚಿಲ್ಲರೆ. ಫೋನಿನ ಗ್ಯಾಲರಿ ಇದನ್ನ ತೋರ್ಸಂಗಿಲ್ಲ, ಮೂಲ ಜೆಪೆಗ್ ಫೈಲನ್ನೇ ಎಕ್ಸಿಫ್ (ಫೋಟೋದೊಳಗ ಕ್ಯಾಮೆರಾ ಬರೆದಿಡೋ ಮಾಹಿತಿ) ಓದೋ ಸಾಫ್ಟ್‌ವೇರ್‌ಗೆ ಹಾಕಬೇಕು. ಕಂಪನಿ 1,50,000ದ ತನಕ ಪರೀಕ್ಷೆ ಮಾಡೈತಿ, ಚಿಂತಿಲ್ಲ.

ನೀವೂ ಸೆಕೆಂಡ್ ಹ್ಯಾಂಡ್ ತಗೊಳ್ಳೋದಿದ್ರ, ಆಮ್ಯಾಲ ಲೆನ್ಸಿನ ಕಿಂಡಿ ಸಣ್ಣದು ಮಾಡಿ ಎಫ್/16ಕ್ಕಿಟ್ಟು, ಫೋಕಸ್ ಕೆಡಿಸಿ ಬರೇ ಆಕಾಶ ತೆಗೀರಿ. ಬೂದು ಚುಕ್ಕಿ ಕಂಡ್ರ ಒಳಗಿನ ಸೆನ್ಸರ್‌ಗೆ (ಚಿತ್ರ ಹಿಡಿಯೋ ಚಿಪ್) ಗಾಳಿ ಊದೋ ಬ್ಲೋವರ್ ಹೊಡೀರಿ. ಹೋದ್ರ ಧೂಳು, ಹೋಗಲಿಲ್ಲಂದ್ರ ಶಟರ್‌ನಿಂದ ಸಿಡಿದ ಎಣ್ಣಿ ಇರಬಹುದು. ಈ ಮಾಡೆಲ್‌ಗೆ ಅದು ಸಾಮಾನ್ಯ. ಇದರೊಳಗೂ ಇತ್ತು, ಸ್ವ್ಯಾಬ್‌ಗೆ ಕ್ಲೀನಿಂಗ್ ಲಿಕ್ವಿಡ್ ಹಚ್ಚಿ ಒರೆಸಬೇಕಾತು. ಆ ಖರ್ಚು ರೇಟಿನೊಳಗ ಮುರಿಸ್ಕೊಳ್ರಿ.

ಬಾಡಿಯೊಳಗ ಫೋಕಸ್ ಮೋಟಾರ್ ಇರೋದೇ ದೊಡ್ಡ ಲಾಭ: ತನ್ನದೇ ಮೋಟಾರ್ ಇಲ್ಲದ ಅಗ್ಗದ 50 ಎಂಎಂ ಎಫ್/1.8ಡಿ ಲೆನ್ಸಿಗೂ ಆಟೋಫೋಕಸ್ ಸಿಗ್ತೈತಿ. ಗುಹೆಯೊಳಗ ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 1600, ಎಫ್/2.8, 1/80 ಸೆಕೆಂಡಿಗೆ ಕೈಯಾಗ ಹಿಡಿದು ತೆಗೆದ್ರೂ ಕೆತ್ತನೆ ಚೊಕ್ಕ ಬರ್ತೈತಿ. ಐಎಸ್‌ಒ 3200 ದಾಟಿದ್ರ ನೆರಳಿನೊಳಗ ಬಣ್ಣದ ಕಾಳು ಏಳ್ತಾವು. ವಿಡಿಯೋ ಮುಖ್ಯ ಅನ್ನೋರು ಇದನ್ನ ತಗೋಬ್ಯಾಡ್ರಿ.