ಮನೆಯಲ್ಲೇ ಚುಚ್ಚಿಕೊಳ್ಳುವ ಔಷಧಿ: ಪಾಲಿಸಿಯಲ್ಲಿ ಹೆಸರಿದ್ದರೂ ಕ್ಲೇಮ್ ವಾಪಸ್ ಬರುವುದೇಕೆ?

ಪ್ರಶ್ನೆ:
ಒಬ್ಬರೇ ರೋಗಿ, ಎರಡು ಇಂಜೆಕ್ಷನ್. ಕ್ರೋನ್ಸ್ ಕಾಯಿಲೆಗೆ (ಕರುಳಿನ ದೀರ್ಘಕಾಲದ ಉರಿಯೂತ) ಹೊಸದಾಗಿ ಅಡಲಿಮುಮ್ಯಾಬ್ 40 ಮಿ.ಗ್ರಾಂ ಪೆನ್ (ಔಷಧಿ ತುಂಬಿದ, ತಾವೇ ಚುಚ್ಚಿಕೊಳ್ಳುವ ಸಾಧನ), ಸಕ್ಕರೆ ಕಾಯಿಲೆಗೆ ಗ್ಲಾರ್ಜಿನ್ ಇನ್ಸುಲಿನ್ (10 ಮಿ.ಲೀ. ಬಾಟಲಿ, ರಾತ್ರಿ 14 ಯೂನಿಟ್). ಮೊದಲನೆಯದು ‘ಪ್ರಮಾಣದ ಮಿತಿ ಮೀರಿದೆ’ ಎಂದೂ ಎರಡನೆಯದು ‘ಮತ್ತೆ ಕೊಡಲು ಇನ್ನೂ ಅವಧಿಯಾಗಿಲ್ಲ’ ಎಂದೂ ವಾಪಸ್ ಬಂದಿವೆ. ಎರಡೂ ಆರೋಗ್ಯ ವಿಮೆ ಪಾಲಿಸಿಯ ಔಷಧಿ ಪಟ್ಟಿಯಲ್ಲಿವೆ. ಮೇಲ್ಮನವಿ ಹಾಕಬೇಕೋ, ವೈದ್ಯರ ಚೀಟಿ ಬದಲಿಸಿದರೆ ಸಾಕೋ?

ಉತ್ತರ 1:
ಇನ್ಸುಲಿನ್‌ಗೆ ಮೇಲ್ಮನವಿ ಬೇಡವೇ ಬೇಡ, ಅದು ಬರೀ ಲೆಕ್ಕದ ತಪ್ಪು. 10 ಮಿ.ಲೀ. ಬಾಟಲಿಯಲ್ಲಿ 1000 ಯೂನಿಟ್ ಇರುತ್ತದೆ. ಅದನ್ನು 14ರಿಂದ ಭಾಗಿಸಿ ಫಾರ್ಮಸಿಯವರು ‘71 ದಿನಕ್ಕೆ’ ಎಂದು ನಮೂದಿಸಿರುತ್ತಾರೆ. ಆದರೆ ಬಳಸಲು ಶುರುಮಾಡಿದ ಬಾಟಲಿಯನ್ನು 28 ದಿನಕ್ಕೆ ಎಸೆಯಬೇಕು, ಒಳಗೆ ಎಷ್ಟೇ ಉಳಿದಿರಲಿ. ಹಳೆಯ ಕ್ಲೇಮ್ ರದ್ದುಮಾಡಿ, ‘28 ದಿನ’ ಎಂದು ಮತ್ತೆ ಕಳಿಸಲು ಅವರಿಗೇ ಹೇಳಿ.

ಇಷ್ಟು ಕಡಿಮೆ ಡೋಸಿಗೆ ಬಾಟಲಿಯೇ ತಪ್ಪು ಆಯ್ಕೆ ಅನ್ನುತ್ತೇನೆ. 28 ದಿನಕ್ಕೆ ಖರ್ಚಾಗುವುದು 392 ಯೂನಿಟ್, ಉಳಿದ 608 ಕಸದ ಬುಟ್ಟಿಗೆ. 3 ಮಿ.ಲೀ. ಪೆನ್ನಿನಲ್ಲಿ 300 ಯೂನಿಟ್. ಪ್ರತಿ ಸಲ ಸೂಜಿ ಪರೀಕ್ಷಿಸಲು ಹೊರಬಿಡುವ 2 ಯೂನಿಟ್ ಸೇರಿಸಿದರೆ ದಿನಕ್ಕೆ 16, ಅಂದರೆ ಒಂದು ಪೆನ್ 18 ದಿನ. ಆ 2 ಯೂನಿಟ್ಟನ್ನು ಚೀಟಿಯಲ್ಲಿ ಬರೆಸದಿದ್ದರೆ ಪ್ರತಿ ಪೆಟ್ಟಿಗೆಯೂ ಲೆಕ್ಕಕ್ಕಿಂತ ಮೊದಲೇ ಮುಗಿದು ಇದೇ ತಿರಸ್ಕಾರ ಮತ್ತೆ ಬರುತ್ತದೆ. ‘ಹೇಳಿದಂತೆ ತೆಗೆದುಕೊಳ್ಳಿ’ ಎಂಬ ಚೀಟಿಯಂತೂ ಕೂಡದು. ದಿನಕ್ಕೆ ಗರಿಷ್ಠ ಎಷ್ಟು ಯೂನಿಟ್ ಎಂದು ಅಂಕಿಯಲ್ಲೇ ಇರಲಿ. ಪೆನ್ನಿನ ಸೂಜಿಗೆ ಬೇರೆ ಚೀಟಿ ಬೇಕು.

ಉತ್ತರ 2:
ಅಡಲಿಮುಮ್ಯಾಬ್‌ಗೆ ಸಾಮಾನ್ಯ ಮಿತಿ 28 ದಿನಕ್ಕೆ 2 ಪೆನ್. ದೊಡ್ಡವರಿಗೆ ಕ್ರೋನ್ಸ್‌ನಲ್ಲಿ ಆರಂಭ ಹಾಗಲ್ಲ: 1ನೇ ದಿನ 160 ಮಿ.ಗ್ರಾಂ, 15ನೇ ದಿನ 80, 29ನೇ ದಿನದಿಂದ ಎರಡು ವಾರಕ್ಕೊಮ್ಮೆ 40. ಅಂದರೆ ಮೊದಲ 28 ದಿನಕ್ಕೆ 6 ಪೆನ್. ಒಂದೇ ಚೀಟಿಯಲ್ಲಿ ಎಲ್ಲವನ್ನೂ ಬರೆದರೆ ಕಂಪ್ಯೂಟರಿಗೆ ಕಾಣುವುದು ‘2ರ ಜಾಗದಲ್ಲಿ 6’ ಅಷ್ಟೇ. ಆರಂಭಿಕ ಡೋಸಿಗೆ ಒಂದು, ಮುಂದಿನದಕ್ಕೆ ಇನ್ನೊಂದು ಚೀಟಿ ಬರೆಸಿ. ಮೊದಲನೆಯದಕ್ಕೆ ಒಂದು ಸಲದ ಮಿತಿ ವಿನಾಯಿತಿಯನ್ನು ವೈದ್ಯರೇ ಕೇಳಲಿ.

ಪೂರ್ವಾನುಮತಿಯ (ಔಷಧಿ ಕೊಳ್ಳುವ ಮೊದಲೇ ವಿಮೆಯವರಿಂದ ಪಡೆಯುವ ಒಪ್ಪಿಗೆ) ಪತ್ರದಲ್ಲಿ ರೋಗದ ಕೋಡ್ (ಕ್ರೋನ್ಸ್‌ಗೆ ಕೆ50 ಗುಂಪು), ಹಿಂದೆ ಕೊಟ್ಟ ಔಷಧಿಗಳು, ಯಾವಾಗಿನಿಂದ ಯಾವಾಗಿನವರೆಗೆ, ನಿಲ್ಲಿಸಿದ್ದೇಕೆ, ಕ್ಷಯ ಮತ್ತು ಹೆಪಟೈಟಿಸ್ ಬಿ ಪರೀಕ್ಷೆಯ ವರದಿ ಇರಲಿ. ‘ಗುಣವಾಗಲಿಲ್ಲ’ ಎಂದಷ್ಟೇ ಬರೆದರೆ ಸಾಲದು. ಬ್ರ್ಯಾಂಡನ್ನೂ ನೋಡಿ: 40 ಮಿ.ಗ್ರಾಂ 0.4 ಮಿ.ಲೀ.ನಲ್ಲೂ ಬರುತ್ತದೆ, 0.8ರಲ್ಲೂ ಬರುತ್ತದೆ. ಒಂದಕ್ಕೆ ಸಿಕ್ಕ ಅನುಮತಿ ಇನ್ನೊಂದಕ್ಕೆ ನಡೆಯದೇ ಹೋಗಬಹುದು. ಇಷ್ಟಾದ ಮೇಲೂ ನಿರಾಕರಿಸಿದರೆ ಆಗ ಮೇಲ್ಮನವಿ.

ಪ್ರಶ್ನೆ ಕೇಳಿದವರು:
ಮೊದಲ ಡೋಸನ್ನು ಕ್ಲಿನಿಕ್‌ನಲ್ಲೇ ನರ್ಸ್ ಕೈಯಲ್ಲಿ ಹಾಕಿಸಿದರೆ ಸುಲಭವಾಗುತ್ತದೆಯೇ?

ಉತ್ತರ 3:
ತೊಡಕೇ ಹೆಚ್ಚಾಗಬಹುದು. ಕ್ಲಿನಿಕ್ಕಿನ ಸ್ಟಾಕಿನಿಂದ ನರ್ಸ್ ಹಾಕಿದರೆ ಅದು ಚಿಕಿತ್ಸೆಯ ಖಾತೆಗೆ, ಫಾರ್ಮಸಿಯಿಂದ ತಂದು ತಾವೇ ಚುಚ್ಚಿಕೊಂಡರೆ ಔಷಧಿ ಖಾತೆಗೆ. ಎಷ್ಟೋ ಪಾಲಿಸಿಗಳಲ್ಲಿ ಇವೆರಡಕ್ಕೂ ಅನುಮತಿ ಬೇರೆ, ಕೈಯಿಂದ ಕೊಡಬೇಕಾದ ಪಾಲೂ ಬೇರೆ. ಚುಚ್ಚುವುದನ್ನು ಕಲಿಯುವುದಷ್ಟೇ ಉದ್ದೇಶವಾದರೆ ಫಾರ್ಮಸಿಯ ಪೆನ್ನನ್ನೇ ಕ್ಲಿನಿಕ್ಕಿಗೆ ಒಯ್ದು ತೋರಿಸಿಕೊಳ್ಳಿ. ಆಸ್ಪತ್ರೆಗೆ ದಾಖಲಾದ ಖರ್ಚನ್ನಷ್ಟೇ ಭರಿಸುವ ಪಾಲಿಸಿಯಾದರೆ ಮಾತ್ರ, ಹೊರರೋಗಿ ಸೌಲಭ್ಯ ಸೇರಿಸಿಕೊಳ್ಳದೆ ಮನೆಯ ಇಂಜೆಕ್ಷನ್‌ಗೆ ಏನೂ ಸಿಗುವುದಿಲ್ಲ.

ಇನ್ನೊಂದು: ಗುಂಡಿ ಒತ್ತಿದರೂ ಪೆನ್ ಕೆಲಸ ಮಾಡದಿದ್ದರೆ ಎಸೆಯಬೇಡಿ. ವಿಮೆಯವರು ಎರಡನೆಯದಕ್ಕೆ ಹಣ ಕೊಡಲು ತಕರಾರು ಮಾಡುತ್ತಾರೆ. ಬ್ಯಾಚ್ ಸಂಖ್ಯೆ ಹೇಳಿ ತಯಾರಕರ ಸಹಾಯವಾಣಿಯಲ್ಲಿ ಬದಲಿ ಪೆನ್ ಕೇಳಿ. ಕೆಟ್ಟ ಪೆನ್ನನ್ನು ವಾಪಸ್ ಕಳಿಸಿ ಅನ್ನಬಹುದು.