ಆಪ್ಟಿಪ್ಲೆಕ್ಸ್ 7010: ಸಂಜೆ 4 ಆಯಿತೆಂದರೆ ಸೈಟ್ ತೆರೆಯುವುದೇ ಇಲ್ಲ

ತೋಟದಮನೆ
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ, ಯಾರಾದರೂ ದಾರಿ ತೋರಿಸಿ. ಶಿರಸಿ ಕಡೆಯ ಅಡಿಕೆ ಧಾರಣೆ ಹಾಕುವ ಚಿಕ್ಕ ಸೈಟ್ ನಡೆಸುತ್ತೇನೆ. ಚಾಲಿ, ರಾಶಿ, ಬೆಟ್ಟೆ, ಎಲ್ಲದರ ಅವತ್ತಿನ ದರ. ಬೆಳಿಗ್ಗೆಯಿಂದ ಚೆನ್ನಾಗಿಯೇ ಓಡುತ್ತದೆ. ಸಂಜೆ 4ಕ್ಕೆ ದರ ಹಾಕಿ ವಾಟ್ಸಾಪ್ ಗುಂಪುಗಳಿಗೆ ಲಿಂಕ್ ಕಳಿಸಿದ ಐದೇ ನಿಮಿಷಕ್ಕೆ ನಿಂತುಹೋಗುತ್ತದೆ. ಸೈಟ್ ಓಡುವ ಮಷೀನು ಮನೆಯಲ್ಲೇ ಇರುವ ಡೆಲ್ ಆಪ್ಟಿಪ್ಲೆಕ್ಸ್ 7010, ಪ್ರೊಸೆಸರ್ ಐ5-3470. ಆಫೀಸೊಂದರಲ್ಲಿ ಹಳೆಯದಾಯಿತೆಂದು ಮಾರಿದ್ದು. ಉಬುಂಟು, ಪುಟ ಕಳಿಸಲು ಅಪಾಚೆ, ಪುಟ ತಯಾರಿಸಲು ಪಿಎಚ್‌ಪಿ, ಡೇಟಾಬೇಸಿಗೆ ಮೈಎಸ್‌ಕ್ಯೂಎಲ್. ಎಬಿ (ಸರ್ವರಿನ ವೇಗ ಅಳೆಯುವ ಅಪಾಚೆಯ ಟೂಲ್) ಹಾಕಿ ನೋಡಿದರೆ ಸೆಕೆಂಡಿಗೆ 180 ಪುಟ ಕೊಡುತ್ತದೆ. ಸಿಪಿಯು 20% ದಾಟುವುದಿಲ್ಲ. ಮತ್ತೆ ಯಾಕೆ ಹೀಗೆ? ರೈತರು ಫೋನ್ ಮಾಡಿ ಕೇಳುತ್ತಾರೆ.

ಬಯಲುಸೀಮೆ
ಆ ಹೊತ್ತಿನಲ್ಲಿ ಹಾರ್ಡ್ ಡಿಸ್ಕ್ ದೀಪ ಬಿಡದೆ ಉರಿಯುತ್ತಿದೆಯಾ?

ತೋಟದಮನೆ
ಹೌದು ಸಾರ್, ಆರುವುದೇ ಇಲ್ಲ.

ಬಯಲುಸೀಮೆ
ಹಾಗಾದರೆ ಡಿಸ್ಕೇ ಕಾರಣ. 7200 ಆರ್‌ಪಿಎಮ್ ಡಿಸ್ಕ್ ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಬಿಡಿ ಓದುಗಳನ್ನು ಮಾತ್ರ ಮಾಡಬಲ್ಲದು. ಎಸ್‌ಎಸ್‌ಡಿ ಹಾಕಿ, ಮುಗೀತು.

ಸಣ್ಣಪೆಟ್ಟಿಗೆ
ರ‍್ಯಾಮ್ ಎಷ್ಟಿದೆ? ಅದನ್ನೇ ಹೇಳಿಲ್ಲವಲ್ಲ. ಡಿಸ್ಕ್ ಯಾಕೆ ಓಡುತ್ತಿದೆ ಅನ್ನೋದು ಮೊದಲು ಗೊತ್ತಾಗಬೇಕು.

ಬಯಲುಸೀಮೆ
ರ‍್ಯಾಮ್ ಎಷ್ಟಿದ್ದರೇನು, ಡೇಟಾಬೇಸ್ ಡಿಸ್ಕಿನಲ್ಲೇ ತಾನೇ ಇರೋದು? ನಾನು ನಾಲ್ಕು ಮಷೀನಿಗೆ ಎಸ್‌ಎಸ್‌ಡಿ ಹಾಕಿದ್ದೇನೆ. ನಾಲ್ಕೂ ಸರಿಹೋದವು.

ಮಲೆನಾಡಿಗ
ನಡುವೆ ಬಂದಿದ್ದಕ್ಕೆ ಕ್ಷಮಿಸಿ. 77 ವಾಟ್‌ನ ಪ್ರೊಸೆಸರನ್ನು ದಿನವಿಡೀ ಓಡಿಸುವುದಕ್ಕಿಂತ ಥಿಂಕ್‌ಸೆಂಟರ್ ಎಮ್93ಪಿ ಟೈನಿ ತಗೊಳ್ಳಿ. ಐ5-4570ಟಿ, 35 ವಾಟ್. ನನ್ನ ಹತ್ತಿರ ಮೂರಿವೆ. ಒಂದರ ಮೇಲೊಂದು ಇಟ್ಟು ಇನ್ವರ್ಟರಿಗೆ ಕೊಟ್ಟಿದ್ದೇನೆ. ಮಳೆಗಾಲದಲ್ಲಿ ಕರೆಂಟ್ ಹೋದರೂ ನಿಲ್ಲಲ್ಲ.

ಸಣ್ಣಪೆಟ್ಟಿಗೆ
ಅದು ಗರಿಷ್ಠದ ಲೆಕ್ಕ. ಸುಮ್ನೆ ಕೂತಾಗ ಯಾವ ಪ್ರೊಸೆಸರೂ ಅಷ್ಟು ಎಳೆಯುವುದಿಲ್ಲ. ಅವರ ಸಿಪಿಯು 20%ರಲ್ಲಿದೆ. ವಿಷಯಕ್ಕೆ ಬರೋಣ. ತೋಟದಮನೆಯವರೇ, ಅಪಾಚೆಯ ಎರರ್ ಲಾಗ್ ಏನು ಹೇಳುತ್ತದೆ?

ತೋಟದಮನೆ
ರ‍್ಯಾಮ್ 4 ಜಿಬಿ. ಲಾಗ್‌ನಲ್ಲಿ ಹೋದ ತಿಂಗಳು 'ಮ್ಯಾಕ್ಸ್‌ರಿಕ್ವೆಸ್ಟ್‌ವರ್ಕರ್ಸ್ ಮುಗಿದಿದೆ, ಹೆಚ್ಚಿಸಿ' ಎಂದು ಬಂದಿತ್ತು. ಅಪಾಚೆ ಒಂದೇ ಸಲಕ್ಕೆ ಎಷ್ಟು ಸಂಪರ್ಕ ನೋಡಿಕೊಳ್ಳಬೇಕು ಎಂಬ ಆ ಮಿತಿಯನ್ನು 400 ಮಾಡಿದೆ. ಆಮೇಲೆ ಆ ಸಾಲು ಬಂದಿಲ್ಲ, ಅದಕ್ಕೇ ಬರೆಯಲಿಲ್ಲ.

ಸಣ್ಣಪೆಟ್ಟಿಗೆ
ಸಿಕ್ಕಿತು ನೋಡಿ! ನಿಮ್ಮ ಅಪಾಚೆ ಓಡುವುದು ಪ್ರಿಫೋರ್ಕ್ ರೀತಿಯಲ್ಲಿ ಅಲ್ವಾ? ಒಂದು ಸಂಪರ್ಕಕ್ಕೆ ಒಂದು ಪ್ರೊಸೆಸ್, ಪ್ರತಿಯೊಂದರ ಹೊಟ್ಟೆಯಲ್ಲೂ ಪಿಎಚ್‌ಪಿ. ಒಂದಕ್ಕೆ 45 ಎಂಬಿ ಹಿಡಿದರೂ 400 ಸೇರಿದರೆ 18 ಜಿಬಿ. ಇರುವುದು 4. ಉಳಿದದ್ದು ಸ್ವಾಪ್‌ಗೆ, ಅಂದರೆ ಡಿಸ್ಕಿಗೆ ಹೋಗುತ್ತದೆ, ದೀಪ ಉರಿಯುತ್ತದೆ. ಮೈಎಸ್‌ಕ್ಯೂಎಲ್‌ಗೆ ಜಾಗ ಬಿಟ್ಟು 60ಕ್ಕೆ ಇಳಿಸಿ.

ತೋಟದಮನೆ
60 ಮಾಡಿದೆ. ದೀಪ ಆರಿತು, ಮಷೀನು ಹಗುರವಾಯಿತು. ಆದರೆ ಪುಟ ಈಗಲೂ ತೆರೆಯುತ್ತಿಲ್ಲ, ಸುತ್ತುತ್ತಲೇ ಇರುತ್ತದೆ.

ಬಯಲುಸೀಮೆ
ಅದಕ್ಕೇ ಎಸ್‌ಎಸ್‌ಡಿ ಅಂದಿದ್ದು.

ಕಡಲತಡಿ
ಎಲ್ಲರೂ ಪೆಟ್ಟಿಗೆಯನ್ನೇ ನೋಡುತ್ತಿದ್ದೀರಿ. ಎಬಿಯನ್ನು ಅದೇ ಮಷೀನಿನಿಂದ ಓಡಿಸಿದ್ದಲ್ವಾ? ಅಲ್ಲಿ ಹೊರಗಿನ ಲೈನ್ ಬರುವುದೇ ಇಲ್ಲ. ಅದೂ ಅಲ್ಲದೆ ಎಬಿ ಪುಟವನ್ನಷ್ಟೇ ತರುತ್ತದೆ, ಚಿತ್ರಗಳನ್ನು ಮುಟ್ಟುವುದಿಲ್ಲ. ನಿಮ್ಮ ಪುಟ ಚಿತ್ರ ಸೇರಿ ಎಷ್ಟು ಎಂಬಿ? ಅಪ್‌ಲೋಡ್ ವೇಗ ಎಷ್ಟು?

ತೋಟದಮನೆ
ಮನೆಯ ಫೈಬರ್ ಲೈನ್ ಮೇಡಂ, ಅಪ್‌ಲೋಡ್ 20 ಎಂಬಿಪಿಎಸ್ (ಸೆಕೆಂಡಿಗೆ 20 ಮೆಗಾಬಿಟ್). ಪುಟ 2.4 ಎಂಬಿ. ಮೇಲ್ಗಡೆ ತೋಟದ ನಾಲ್ಕು ಫೋಟೋ ಇವೆ.

ಕಡಲತಡಿ
2.4 ಎಂಬಿ ಎಂದರೆ ಸುಮಾರು 19 ಮೆಗಾಬಿಟ್. ಸೆಕೆಂಡಿಗೆ ಒಬ್ಬರಿಗೆ ಕಳಿಸಿದರೆ ಲೈನ್ ಭರ್ತಿ. ಫೋನಿನ ಬ್ರೌಸರ್ ಒಂದೇ ಸಲಕ್ಕೆ ಆರು ಸಂಪರ್ಕ ತೆರೆಯಬಹುದು. 60 ಪ್ರೊಸೆಸ್ ಅಂದರೆ ಹತ್ತು ಜನ. ಅವರಿಗೆ ಫೋಟೋ ಹೋಗಿ ಮುಗಿಯುವವರೆಗೆ ಹನ್ನೊಂದನೆಯವರು ಕಾಯಬೇಕು. 400 ಬೇಕಾಗಿದ್ದೂ ಇದಕ್ಕೇ, ರ‍್ಯಾಮ್ ತುಂಬಿದ್ದೂ ಇದಕ್ಕೇ.

ಮೊದಲು ಫೋಟೋ ತೆಗೆಯಿರಿ. ರೈತರು ಬರುವುದು ದರ ನೋಡಲು. ಎರಡನೆಯದು, ದಿನಕ್ಕೊಮ್ಮೆ ಬದಲಾಗುವ ಪುಟಕ್ಕೆ ಪ್ರತಿಸಲ ಡೇಟಾಬೇಸ್ ಯಾಕೆ? ದರ ಸೇವ್ ಮಾಡಿದಾಗಲೇ ಎಚ್‌ಟಿಎಮ್‌ಎಲ್ ಫೈಲ್ ಬರೆದಿಡಿ. ಅದನ್ನು ಎನ್‌ಜಿನ್‌ಎಕ್ಸ್ ಎಂಬ ಹಗುರವಾದ ವೆಬ್ ಸರ್ವರ್ ಕೊಡಲಿ. ಜಿಜಿಪ್‌ನಲ್ಲಿ ಕುಗ್ಗಿಸಿದ ಮೇಲೆ 15 ಕೆಬಿ ಇದ್ದರೆ ಇದೇ ಲೈನ್‌ನಲ್ಲಿ ಸೆಕೆಂಡಿಗೆ 150 ಜನರಿಗೆ ಕೊಡಬಹುದು. ನಿಮ್ಮ 7010ಗೆ ಅದು ಕೆಲಸವೇ ಅಲ್ಲ.

ಬಯಲುಸೀಮೆ
ಒಪ್ಪಿದೆ. ಆದರೂ ಎಸ್‌ಎಸ್‌ಡಿ ಹಾಕಿಡಿ, ಹಳೆಯ ಡಿಸ್ಕ್ ಯಾವಾಗ ಕೈಕೊಡುತ್ತದೋ ಹೇಳಲಾಗದು.

ಮಲೆನಾಡಿಗ
ನನ್ನ ಮೂರು ಟೈನಿಯ ಫೋಟೋ ಹಾಕಿದ್ದೇನೆ, ನೋಡಿ. ವೈರಿಂಗ್ ನಾನೇ ಮಾಡಿದ್ದು.

ತೋಟದಮನೆ
ಫೋಟೋ ತೆಗೆದೆ, ಫೈಲ್ ಬರೆಯುವಂತೆ ಮಾಡಿದೆ. ಇವತ್ತು 4:05ಕ್ಕೆ ನಮ್ಮ ಅಪ್ಪನ ಫೋನಿನಲ್ಲಿ ತಟ್ಟನೆ ತೆರೆಯಿತು. ಕಡಲತಡಿ ಮೇಡಂ, ಸಣ್ಣಪೆಟ್ಟಿಗೆಯವರೇ, ನಿಮ್ಮ ಉಪಕಾರ ಮರೆಯುವುದಿಲ್ಲ. ಈಗ ಇನ್ನೊಂದು: ಇಬ್ಬರಿಗೆ ನಿನ್ನೆಯ ದರವೇ ಕಾಣುತ್ತಿದೆಯಂತೆ. ತಪ್ಪು ದರ ನೋಡಿ ಯಾರಾದರೂ ಅಡಿಕೆ ಮಾರಿಬಿಟ್ಟರೆ ಎಂದು ಭಯವಾಗುತ್ತಿದೆ.

ಸಣ್ಣಪೆಟ್ಟಿಗೆ
ಅವರ ಬ್ರೌಸರ್ ಹಳೆಯ ಪುಟವನ್ನು ಇಟ್ಟುಕೊಂಡಿರಬೇಕು. ಪುಟವನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬಹುದೆಂದು ಬ್ರೌಸರಿಗೆ ಹೇಳುವ ಕ್ಯಾಶ್-ಕಂಟ್ರೋಲ್ ಹೆಡರ್ ಏನು ಕೊಟ್ಟಿದ್ದೀರಿ?